ಸರ್ಜರಿ ಸೀಟು: ಕಾಲೇಜಿನ ಹೆಸರು ನೋಡಬೇಕೆ, ಕೈಗೆ ಸಿಗುವ ಕೆಲಸ ನೋಡಬೇಕೆ?

ಪ್ರಶ್ನೆ: ಇಂಟರ್ನ್‌ಶಿಪ್ ಮುಗಿಸಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿ.ಜಿ. ಬರೆದಿದ್ದೇನೆ. ಜನರಲ್ ಸರ್ಜರಿಯನ್ನೇ ಓದಬೇಕೆಂದು ನಿರ್ಧರಿಸಿದ್ದೇನೆ. ಬೆಂಗಳೂರಿನ ದೊಡ್ಡ ಸರ್ಕಾರಿ ಕಾಲೇಜು, ನಮ್ಮ ಭಾಗದ ಡೀಮ್ಡ್ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಖಾಸಗಿ ಸಂಸ್ಥೆಯ) ಕಾಲೇಜು, ಜಿಲ್ಲಾ ಮಟ್ಟದ ಆಸ್ಪತ್ರೆಯೊಂದರ ಡಿ.ಎನ್.ಬಿ. (ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಸ್ನಾತಕೋತ್ತರ ಪದವಿ) ಸೀಟು, ಈ ಮೂರೂ ನನ್ನ ರ‍್ಯಾಂಕಿಗೆ ಎಟುಕುವಂತಿವೆ. ಆಪ್ಷನ್ ಎಂಟ್ರಿಯಲ್ಲಿ ಯಾವುದನ್ನು ಮೊದಲು ಹಾಕಲಿ?
– ಯುವ ವೈದ್ಯ, ತುಮಕೂರು

ಉತ್ತರ: ಕಾಲೇಜುಗಳಲ್ಲಿ ಸಿಗುವ ಎಂ.ಎಸ್. ಪದವಿ ಮತ್ತು ಡಿ.ಎನ್.ಬಿ. ಎರಡೂ ಮೂರು ವರ್ಷಗಳ ತರಬೇತಿಗಳು. ಎರಡಕ್ಕೂ ಪ್ರವೇಶ ನೀಟ್ ಪಿ.ಜಿ. ರ‍್ಯಾಂಕಿನ ಮೇಲೆಯೇ, ಎರಡನ್ನು ಮುಗಿಸಿದವರೂ ನೀಟ್ ಎಸ್.ಎಸ್. (ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ) ಬರೆದು ಮುಂದೆ ಓದಬಹುದು. ಆದ್ದರಿಂದ ಪದವಿಯ ಹೆಸರನ್ನು ಕುರಿತು ಮನೆಯಲ್ಲಿ ನಡೆಯುವ ಚರ್ಚೆಗೆ ಹೆಚ್ಚು ಮಹತ್ವ ಕೊಡಬೇಡಿ. ತುಮಕೂರಿನ ಅಗಳಕೋಟೆಯ ಶ್ರೀ ಸಿದ್ಧಾರ್ಥ, ಕೋಲಾರದ ಟಮಕದ ಶ್ರೀ ದೇವರಾಜ ಅರಸು ಕಾಲೇಜುಗಳು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಸೇರಿದವಾದ್ದರಿಂದ ಅಲ್ಲಿನ ಸೀಟುಗಳು ಕೇಂದ್ರದ ಎಂ.ಸಿ.ಸಿ. (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಮೂಲಕ ಹಂಚಿಕೆಯಾಗುತ್ತವೆ, ಡಿ.ಎನ್.ಬಿ. ಸೀಟುಗಳೂ ಅಲ್ಲಿಯೇ ಸಿಗುತ್ತವೆ. ಸರ್ಕಾರಿ ಕಾಲೇಜುಗಳ ಅರ್ಧದಷ್ಟು ಸೀಟುಗಳು ಅಖಿಲ ಭಾರತ ಕೋಟಾದಲ್ಲಿ ಎಂ.ಸಿ.ಸಿ.ಗೆ ಹೋಗಿ, ಉಳಿದವು ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಬರುತ್ತವೆ. ಎರಡೂ ಕಡೆ ನೋಂದಾಯಿಸಿಕೊಳ್ಳದಿದ್ದರೆ ನಿಮ್ಮ ಆಯ್ಕೆಗಳಲ್ಲಿ ಒಂದು ಭಾಗ ಆರಂಭದಲ್ಲೇ ಕೈಬಿಟ್ಟಂತೆ. ಆಪ್ಷನ್‌ಗಳನ್ನು ನಿಮ್ಮ ನಿಜವಾದ ಇಷ್ಟದ ಕ್ರಮದಲ್ಲೇ ಹಾಕಿ; ಎಟುಕದ ಸೀಟನ್ನು ಮೇಲೆ ಹಾಕಿದ ಮಾತ್ರಕ್ಕೆ ಕೆಳಗಿನ ಸೀಟು ಕೈತಪ್ಪುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಪುಸ್ತಕ ಬೆಂಗಳೂರಿನಲ್ಲೂ ಅದೇ, ತುಮಕೂರಿನಲ್ಲೂ ಅದೇ. ಬೇರೆಯಾಗುವುದು ಕೈಗೆ ಬರುವ ಕೆಲಸ ಮತ್ತು ಆ ಕೈಯನ್ನು ತಿದ್ದುವ ಹಿರಿಯರು. ನಡುರಾತ್ರಿಯಲ್ಲಿ, ಸಣ್ಣ ಕರುಳಿನ ಆರಂಭದ ಭಾಗದಲ್ಲಿ ಹುಣ್ಣು ತೂತಾಗಿ, ಹೊಟ್ಟೆ ಹಲಗೆಯಂತೆ ಗಟ್ಟಿಯಾದ ರೋಗಿಯೊಬ್ಬರು ಬರುತ್ತಾರೆ ಎಂದುಕೊಳ್ಳಿ. ಹೊಟ್ಟೆ ತೆರೆದು, ಬೆಚ್ಚಗಿನ ಸಲೈನಿನಿಂದ ಮೂಲೆಮೂಲೆಯನ್ನೂ ತೊಳೆದು, ತೂತಿನ ಮೇಲೆ ಓಮೆಂಟಮ್ (ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರ) ಕೂರಿಸಿ ಹೊಲಿಗೆ ಕಟ್ಟಬೇಕು. ಗಂಟು ತೀರ ಬಿಗಿಯಾದರೆ ಓಮೆಂಟಮ್‌ಗೆ ರಕ್ತ ಹರಿಯದೆ ಅದು ಸಾಯುತ್ತದೆ, ಸಡಿಲವಾದರೆ ಸೋರುತ್ತದೆ. ಎಷ್ಟು ಬಿಗಿ ಸಾಕು ಎಂಬುದು ಓದಿನಿಂದ ಬೆರಳಿಗೆ ಬರುವ ವಿಷಯವಲ್ಲ. ದಾರ ನಿಮ್ಮ ಕೈಯಲ್ಲಿರಬೇಕು, ಎದುರಿಗೆ ನಿಂತ ಹಿರಿಯರು "ಇಷ್ಟು ಸಾಕು, ನಿಲ್ಲಿಸಿ" ಎನ್ನಬೇಕು. ಹಿರಿಯರಿದ್ದೂ ದಾರ ನಿಮಗೆ ಸಿಗದ ಕಡೆ ಮೂರು ವರ್ಷ ರಿಟ್ರ್ಯಾಕ್ಟರ್ (ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ಉಪಕರಣ) ಹಿಡಿದು ಹೊರಬರುತ್ತೀರಿ. ದಾರ ಸಿಕ್ಕಿ ಹಿರಿಯರೇ ಇಲ್ಲದ ಕಡೆ ತಪ್ಪನ್ನೇ ರೂಢಿ ಮಾಡಿಕೊಂಡು ಹೊರಬರುತ್ತೀರಿ; ಅದರ ಬೆಲೆ ತೆರುವವರು ರೋಗಿಗಳು. ಎರಡನೆಯದೇ ಹೆಚ್ಚು ಅಪಾಯಕರ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅಲ್ಲಿ ತಯಾರಾದವರಿಗೆ ತಮಗೆ ಎಲ್ಲವೂ ಬರುತ್ತದೆಂಬ ನಂಬಿಕೆಯೂ ಜೊತೆಗೆ ಬೆಳೆದಿರುತ್ತದೆ.

ಈ ಅಳತೆಗೋಲು ಹಿಡಿದು ನೋಡಿದಾಗ ಮೂರೂ ಸೀಟುಗಳು ಬೇರೆ ಬೇರೆ ರೀತಿ ಕಾಣುತ್ತವೆ. ದೊಡ್ಡ ನಗರದ ಆಸ್ಪತ್ರೆಗೆ ರೋಗಿಗಳ ಕೊರತೆಯಿಲ್ಲ, ಅಪರೂಪದ ಕಾಯಿಲೆಗಳನ್ನೂ ಅಲ್ಲಿ ನೋಡಬಹುದು. ಆದರೆ ಮೂತ್ರಕೋಶದ ರೋಗಿ ಯುರಾಲಜಿಗೆ, ಯಕೃತ್ತು ಮತ್ತು ಮೇದೋಜೀರಕದ ರೋಗಿ ಸರ್ಜಿಕಲ್ ಗ್ಯಾಸ್ಟ್ರೋಎಂಟರಾಲಜಿಗೆ, ಮಕ್ಕಳು ಪೀಡಿಯಾಟ್ರಿಕ್ ಸರ್ಜರಿಗೆ ಹೋದ ಮೇಲೆ ಉಳಿದದ್ದನ್ನು ಒಂದೇ ಯೂನಿಟ್ಟಿನ ಹಲವು ರೆಸಿಡೆಂಟರು (ತರಬೇತಿಯಲ್ಲಿರುವ ಸ್ನಾತಕೋತ್ತರ ವೈದ್ಯರು) ಹಂಚಿಕೊಳ್ಳಬೇಕಾಗುತ್ತದೆ. ಹೆದ್ದಾರಿಯ ಮೇಲಿರುವ ತುಮಕೂರು, ಕೋಲಾರದಂಥ ಊರುಗಳಲ್ಲಿ ಅಪಘಾತದ ಗಾಯಾಳುಗಳು ಬರುತ್ತಲೇ ಇರುತ್ತಾರೆ. ಮಧುಮೇಹದಿಂದ ಕೊಳೆತ ಕಾಲು, ತಡವಾಗಿ ಬಂದ ಸ್ತನ ಕ್ಯಾನ್ಸರ್, ಸಿಕ್ಕಿಹಾಕಿಕೊಂಡ ಹರ್ನಿಯಾ ಇವೆಲ್ಲ ಮೊದಲು ತಲುಪುವುದು ಇಂಥ ಆಸ್ಪತ್ರೆಗಳನ್ನೇ. ಡಿ.ಎನ್.ಬಿ. ಕೇಂದ್ರದಲ್ಲಿ ರೆಸಿಡೆಂಟರು ಕಡಿಮೆಯಿದ್ದರೆ ಕೈಗೆ ಕೆಲಸ ಹೆಚ್ಚು ಸಿಗುತ್ತದೆ. ಆದರೆ ಪಾಠ, ಸೆಮಿನಾರು, ಕೇಸ್ ಚರ್ಚೆ ನಿಯಮಿತವಾಗಿ ನಡೆಯುತ್ತವೆಯೇ ಎಂದು ವಿಚಾರಿಸಲೇಬೇಕು. ಅಂತಿಮ ಪರೀಕ್ಷೆಯನ್ನು ರಾಷ್ಟ್ರೀಯ ಮಂಡಳಿಯೇ ನಡೆಸುವುದರಿಂದ ಅಲ್ಲಿ ನಿಮ್ಮ ವಿಭಾಗದ ಪರಿಚಯ ಕೆಲಸಕ್ಕೆ ಬರುವುದಿಲ್ಲ.

ವಿಚಾರಿಸುವುದು ಹೇಗೆ? ಕಾಲೇಜಿನ ಕಚೇರಿಯಲ್ಲಲ್ಲ, ವಾರ್ಡಿನಲ್ಲಿ ಸಿಗುವ ಮೂರನೇ ವರ್ಷದ ರೆಸಿಡೆಂಟರ ಬಳಿ. ಪ್ರತಿ ರೆಸಿಡೆಂಟರೂ ಲಾಗ್‌ಬುಕ್ ಬರೆಯುತ್ತಾರೆ; ಅದರಲ್ಲಿ ಯಾವ ಆಪರೇಷನ್ ನೋಡಿದರು, ಯಾವುದಕ್ಕೆ ಸಹಾಯಕರಾದರು, ಯಾವುದನ್ನು ಹಿರಿಯರ ಎದುರು ತಾವೇ ಮಾಡಿದರು ಎಂಬುದು ದಾಖಲಾಗಿರುತ್ತದೆ. ರೋಗಿಗಳ ವಿವರ ಬೇಡ, ಕೊನೆಯ ಸಂಖ್ಯೆಗಳನ್ನಷ್ಟೇ ಹೇಳುವಂತೆ ಕೇಳಿಕೊಳ್ಳಿ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ತೊಡೆಸಂದಿನ ಹರ್ನಿಯಾಕ್ಕೆ ಮೆಶ್ (ಬಲೆಯಂಥ ಪಟ್ಟಿ) ಹಾಕುವುದನ್ನು ಚರ್ಮ ಕೊಯ್ಯುವುದರಿಂದ ಹಿಡಿದು ಮುಚ್ಚುವವರೆಗೆ ತಾವೇ ಮಾಡಿದ್ದಾರೆಯೇ, ಮೂರನೇ ವರ್ಷದಲ್ಲಿ ಪಿತ್ತಕೋಶದ ಲ್ಯಾಪರೊಸ್ಕೋಪಿ ಅವರ ಕೈಗೆ ಬಂದಿದೆಯೇ, ರಾತ್ರಿ ಕರೆದಾಗ ಸಹಾಯಕ ಪ್ರಾಧ್ಯಾಪಕರು ಥಿಯೇಟರಿಗೆ ಬರುತ್ತಾರೆಯೇ ಅಥವಾ ಫೋನಿನಲ್ಲೇ ಹೇಳಿ ಮುಗಿಸುತ್ತಾರೆಯೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ರೆಸಿಡೆಂಟರು ಉತ್ತರಿಸುವ ಮೊದಲು ತಡವರಿಸಿದರೆ ಅದನ್ನೂ ಗಮನದಲ್ಲಿಡಿ. ರಾತ್ರಿ ಅರಿವಳಿಕೆ ತಜ್ಞರು, ರಕ್ತನಿಧಿ, ಐ.ಸಿ.ಯು. ಹಾಸಿಗೆ ಇಲ್ಲದ ಕಡೆ ತುರ್ತು ರೋಗಿಗಳನ್ನು ಬೆಂಗಳೂರಿಗೆ ಕಳುಹಿಸಿಬಿಡುತ್ತಾರೆ, ಕಲಿಕೆಯೂ ಅದೇ ಆಂಬುಲೆನ್ಸಿನಲ್ಲಿ ಹೋಗುತ್ತದೆ.

ಡೀಮ್ಡ್ ಕಾಲೇಜಿನ ಶುಲ್ಕಕ್ಕೆ ಜಮೀನು ಅಡವಿಡಬೇಕಾದ ಪರಿಸ್ಥಿತಿಯಿದ್ದರೆ ಅದನ್ನು ಕೊನೆಗಿಡಿ. ಉಳಿದೆರಡರಲ್ಲಿ, ಲಾಗ್‌ಬುಕ್ಕಿನ ಸಂಖ್ಯೆಗಳು ಹೆಚ್ಚು ಕಡಿಮೆ ಸಮನಾಗಿದ್ದರೆ ದೊಡ್ಡ ಕಾಲೇಜನ್ನು ಮೇಲೆ ಹಾಕಿ, ಡಿ.ಎನ್.ಬಿ. ಕೇಂದ್ರದಲ್ಲಿ ಕೈಕೆಲಸ ಸ್ಪಷ್ಟವಾಗಿ ಹೆಚ್ಚಿದ್ದು, ಹಿರಿಯರು ರಾತ್ರಿಯೂ ಟೇಬಲ್ಲಿನ ಬಳಿ ಇರುವುದು ಖಚಿತವಾದರೆ ಹಿಂಜರಿಯದೆ ಅದನ್ನೇ ಮೊದಲು ಹಾಕಿ.

ಪ್ರಶ್ನೆ: ಮಗಳು ಎಂ.ಬಿ.ಬಿ.ಎಸ್. ಮುಗಿಸಿ ಸರ್ಜರಿ ಓದುತ್ತೇನೆಂದು ಹಟ ಹಿಡಿದಿದ್ದಾಳೆ. ಹೆಣ್ಣುಮಕ್ಕಳಿಗೆ ಚರ್ಮರೋಗ ಅಥವಾ ರೇಡಿಯಾಲಜಿ ಸುಲಭ ಎಂದು ಬಂಧುಗಳು ಹೇಳುತ್ತಾರೆ. ರಾತ್ರಿ ಡ್ಯೂಟಿಯ ವಿಷಯದಲ್ಲಿ ನಮಗೂ ಆತಂಕವಿದೆ.
– ನಿವೃತ್ತ ಶಿಕ್ಷಕ, ಮುಳಬಾಗಿಲು

ಉತ್ತರ: ಗುರುಗಳೇ, ಮೂರು ವರ್ಷ ಕಷ್ಟಪಟ್ಟು ಮುಂದೆ ಜೀವನವಿಡೀ ಆ ಕೆಲಸ ಮಾಡಬೇಕಾದವರು ನಿಮ್ಮ ಮಗಳು, ಅವರ ನಿರ್ಧಾರ ದೃಢವಾಗಿದ್ದರೆ ದಯವಿಟ್ಟು ತಡೆಯಬೇಡಿ. ಸ್ತನದ ಗಡ್ಡೆಯನ್ನು, ಮೂಲವ್ಯಾಧಿಯನ್ನು ಪುರುಷ ವೈದ್ಯರಿಗೆ ತೋರಿಸಲು ಸಂಕೋಚಪಟ್ಟು ಕಾಯಿಲೆ ಕೈಮೀರುವವರೆಗೆ ಸುಮ್ಮನಿರುವ ಹೆಣ್ಣುಮಕ್ಕಳು ನಿಮ್ಮ ತಾಲ್ಲೂಕಿನಲ್ಲೂ ಇದ್ದಾರೆ. ಮಹಿಳಾ ಸರ್ಜನ್ನರ ಅಗತ್ಯ ಎಷ್ಟೆಂಬುದನ್ನು ನಾನು ಹೊರರೋಗಿ ವಿಭಾಗದಲ್ಲಿ ದಿನವೂ ಕಾಣುತ್ತೇನೆ.

ನಿಮ್ಮ ಆತಂಕ ಮಾತ್ರ ನ್ಯಾಯವಾದದ್ದು, ಅದನ್ನು ಕಾಲೇಜು ಆರಿಸುವಾಗ ಬಳಸಿಕೊಳ್ಳಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಗಳಲ್ಲಿ ವಾರಕ್ಕೊಂದು ರಜೆ, ವರ್ಷಕ್ಕೆ 20 ದಿನಗಳ ಸಾಂದರ್ಭಿಕ ರಜೆ, ಹೆರಿಗೆ ರಜೆ, ದಿನದಲ್ಲಿ ವಿಶ್ರಾಂತಿಗೆ ಸಮಂಜಸವಾದ ಸಮಯ ಇವೆಲ್ಲವನ್ನೂ ಹೇಳಲಾಗಿದೆ. ಕಾಗದದ ಮೇಲಿನ ಈ ಮಾತು ಆ ವಿಭಾಗದಲ್ಲಿ ನಡೆಯುತ್ತಿದೆಯೇ ಎಂಬುದನ್ನು ಅಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿಂದಲೇ ಮಗಳು ತಿಳಿದುಕೊಳ್ಳಲಿ. ಮಹಿಳೆಯರಿಗೆ ಪ್ರತ್ಯೇಕ ಡ್ಯೂಟಿ ಕೋಣೆ ಇದೆಯೇ, ಅದರ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ, ವಾರ್ಡಿನಿಂದ ಹಾಸ್ಟೆಲ್ಲಿಗೆ ಹೋಗುವ ದಾರಿಯಲ್ಲಿ ದೀಪ ಮತ್ತು ಕಾವಲು ಇವೆಯೇ ಎಂಬುದನ್ನು ನೀವು ಸ್ವತಃ ಹೋಗಿ ನೋಡಬಹುದು. ಇಷ್ಟನ್ನೂ ವ್ಯವಸ್ಥೆ ಮಾಡದ ಸಂಸ್ಥೆ ಎಷ್ಟೇ ಹೆಸರುವಾಸಿಯಾಗಿರಲಿ, ಪಟ್ಟಿಯಿಂದ ತೆಗೆದುಹಾಕಿ.

ಪ್ರಶ್ನೆ: ನ್ಯೂರೋಸರ್ಜನ್ ಆಗಬೇಕೆಂಬುದು ನನ್ನ ಗುರಿ. ಮೊದಲು ಜನರಲ್ ಸರ್ಜರಿ ಮಾಡಲೇಬೇಕೆ?
– ಇಂಟರ್ನ್, ಚಿಂತಾಮಣಿ

ಉತ್ತರ: ಮಾಡಲೇಬೇಕೆಂದಿಲ್ಲ. ಎಂ.ಎಸ್. ಮುಗಿಸಿ ನೀಟ್ ಎಸ್.ಎಸ್. ಮೂಲಕ ಮೂರು ವರ್ಷದ ಎಂ.ಸಿಎಚ್. (ಸರ್ಜರಿಯ ಸೂಪರ್ ಸ್ಪೆಷಾಲಿಟಿ ಪದವಿ) ಸೇರುವುದು ಒಂದು ದಾರಿ. ಎಂ.ಬಿ.ಬಿ.ಎಸ್. ಆದ ಕೂಡಲೇ ಆರು ವರ್ಷದ ನೇರ ಕೋರ್ಸಿಗೆ ಸೇರುವುದು ಇನ್ನೊಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಕೋರ್ಸ್ ಇದ್ದು, ಅದಕ್ಕೆ ನೀಟ್ ಪಿ.ಜಿ. ಅಲ್ಲ, ಐ.ಎನ್.ಐ.-ಸಿ.ಇ.ಟಿ. (ರಾಷ್ಟ್ರೀಯ ಮಹತ್ವದ ಸಂಸ್ಥೆಗಳ ಪ್ರತ್ಯೇಕ ಪ್ರವೇಶ ಪರೀಕ್ಷೆ) ಬರೆಯಬೇಕು. ನೇರ ಕೋರ್ಸಿನಲ್ಲಿ ಇನ್ನೊಂದು ಪ್ರವೇಶ ಪರೀಕ್ಷೆಯ ಗೋಜಿಲ್ಲ, ಆದರೆ ಎರಡನೇ ವರ್ಷದಲ್ಲಿ ಮನಸ್ಸು ಬದಲಾದರೆ ಹಿಂದಿರುಗುವುದು ಬಹಳ ಕಷ್ಟ. ಆದ್ದರಿಂದ ಇಂಟರ್ನ್‌ಶಿಪ್ ಮುಗಿಯುವುದರೊಳಗೆ ಅನುಮತಿ ಪಡೆದು ನ್ಯೂರೋಸರ್ಜರಿ ವಿಭಾಗವೊಂದರಲ್ಲಿ ಕೆಲವು ದಿನ ಇದ್ದು ನೋಡಿ. ತಲೆಗೆ ಪೆಟ್ಟಾದವರ ದೀರ್ಘ ಆಪರೇಷನ್‌ಗಳನ್ನು ಮಾತ್ರವಲ್ಲ, ಪ್ರಜ್ಞೆ ಬಾರದೆ ತಿಂಗಳುಗಟ್ಟಲೆ ಮಲಗಿರುವ ರೋಗಿಗಳ ಮನೆಯವರೊಡನೆ ವೈದ್ಯರು ಮಾತಾಡುವುದನ್ನೂ ಗಮನಿಸಿ. ಆ ಬಳಿಕವೂ ಅದೇ ಬೇಕೆನಿಸಿದರೆ ನೇರ ಕೋರ್ಸನ್ನು ಮೊದಲ ಆಯ್ಕೆಯಾಗಿ ಹಾಕಿ. ಸ್ವಲ್ಪವೂ ಅನುಮಾನ ಉಳಿದಿದ್ದರೆ ಜನರಲ್ ಸರ್ಜರಿಯ ಮೂಲಕವೇ ಹೋಗಿ.