ಎರಡು ದಿನ ಕರೆಂಟು ಇಲ್ಲದಿದ್ದರೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲಿ 150 ಎಎಚ್ ಬ್ಯಾಟರಿಯ ಯುಪಿಎಸ್ ಇದೆ. ಒಂದೆರಡು ಗಂಟೆ ಕರೆಂಟು ಹೋದರೆ ತೊಂದರೆಯಿಲ್ಲ. ಗಾಳಿಮಳೆಗೆ ಕಂಬ ಬಿದ್ದು ಎರಡು ದಿನ ಬರದಿದ್ದರೆ ಸಾಲುತ್ತದೆಯೇ? ಇನ್ನೊಂದು ಬ್ಯಾಟರಿ ತರಬೇಕೆ?

ಉತ್ತರ: ತರುವ ಮುಂಚೆ ಲೆಕ್ಕ ಹಾಕಿ. ಬ್ಯಾಟರಿಯ 12 ವೋಲ್ಟನ್ನು 150 ಎಎಚ್‌ನಿಂದ (ಆಂಪಿಯರ್-ಅವರ್) ಗುಣಿಸಿದರೆ 1800 ವ್ಯಾಟ್-ಅವರ್, ಅಂದರೆ 100 ವ್ಯಾಟಿನ ಉಪಕರಣ 18 ಗಂಟೆ ಓಡುವಷ್ಟು ಶಕ್ತಿ. ಅಷ್ಟೂ ಕೈಗೆ ಸಿಗುವುದಿಲ್ಲ. ಬ್ಯಾಟರಿಯನ್ನು ತಳಮುಟ್ಟ ಖಾಲಿ ಮಾಡಬಾರದು. ಬ್ಯಾಟರಿಯ ಡಿಸಿ ಕರೆಂಟನ್ನು ಮನೆಯ ಉಪಕರಣಗಳಿಗೆ ಬೇಕಾದ ಎಸಿ ಮಾಡುವಾಗ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಬ್ಯಾಟರಿ ಹೊಸದಾಗಿದ್ದರೆ ಸುಮಾರು 1100 ಎಂದು ಹಿಡಿಯಿರಿ, ಹಳೆಯದಾದರೆ ಇನ್ನೂ ಕಡಿಮೆ.

ಈಗ ಖರ್ಚಿನ ಕಡೆ ನೋಡಿ. ಹಳೆಯ ಸೀಲಿಂಗ್ ಫ್ಯಾನು ಒಂದಕ್ಕೆ ಸುಮಾರು 75 ವ್ಯಾಟ್. ಅಂಥ ಎರಡು ಫ್ಯಾನು, 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು, ವೈಫೈ ರೂಟರ್ ಸೇರಿದರೆ 200 ವ್ಯಾಟಿನ ಹತ್ತಿರ. ಐದೂವರೆ ಗಂಟೆಗೆ ಮುಗಿಯಿತು. ಅದೇ ಬ್ಯಾಟರಿಯಲ್ಲಿ 30 ವ್ಯಾಟಿನ ಒಂದು ಬಿಎಲ್‌ಡಿಸಿ ಫ್ಯಾನನ್ನು (ಕಡಿಮೆ ಕರೆಂಟು ಎಳೆಯುವ ಹೊಸ ಬಗೆಯ ಮೋಟಾರಿನದು) ರಾತ್ರಿ ಎಂಟು ಗಂಟೆ, ಎರಡು ಬಲ್ಬನ್ನು ಸಂಜೆ ಐದು ಗಂಟೆ ಉರಿಸಿದರೆ ಎರಡು ರಾತ್ರಿ ಕಳೆಯಬಹುದು. ಒಂದೇ ಷರತ್ತು, ಹಗಲು ಯುಪಿಎಸ್ಸನ್ನೇ ಆಫ್ ಮಾಡಿಡಬೇಕು. ಏನನ್ನೂ ಓಡಿಸದಿದ್ದರೂ ಅದು ತನ್ನ ಪಾಡಿಗೆ 10-15 ವ್ಯಾಟ್ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಎರಡನೇ ಬ್ಯಾಟರಿಗಿಂತ ಮೊದಲು ಫ್ಯಾನು ಬದಲಿಸಿ. ಉಳಿತಾಯ ಕರೆಂಟು ಹೋದ ಮೊದಲ ಗಂಟೆಯಿಂದಲೇ ಶುರುವಾಗಬೇಕು. ಬ್ಯಾಟರಿ ಅರ್ಧ ಆದಮೇಲೆ ನೆನಪಾದರೆ ಎರಡನೇ ರಾತ್ರಿ ಕತ್ತಲೆಯೇ.

ಬ್ಯಾಟರಿ ಮುಗಿದು ಯುಪಿಎಸ್ ಕೂಗಿಕೊಂಡು ನಿಂತಮೇಲೆ ಅರ್ಧ ಗಂಟೆ ಬಿಟ್ಟು ಆನ್ ಮಾಡಿದರೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸುಮ್ಮನಿದ್ದಾಗ ವೋಲ್ಟೇಜ್ ಸ್ವಲ್ಪ ಮೇಲೇಳುತ್ತದೆ, ಅಷ್ಟೇ. ಒಳಗೆ ಶಕ್ತಿ ತುಂಬಿರುವುದಿಲ್ಲ. ಹೀಗೆ ಹಿಂಡಿ ಖಾಲಿ ಮಾಡಿ ದಿನಗಟ್ಟಲೆ ಬಿಟ್ಟರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಬಾಳಿಕೆ ಬರುವುದಿಲ್ಲ.

ಮಳೆಗೆ ಮುಂಚೆಯೇ ಬ್ಯಾಟರಿಯ ನೀರಿನ ಮಟ್ಟ ನೋಡಿ, ಪೂರ್ತಿ ಚಾರ್ಜ್ ಆದಮೇಲೆ ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ಹಾಕಿ. ನಲ್ಲಿ ನೀರೂ ಬೇಡ, ಆಸಿಡ್ಡೂ ಬೇಡ.

ಪ್ರಶ್ನೆ: ಫ್ರಿಜ್ಜಿನಲ್ಲಿರುವುದು ಎಷ್ಟು ಹೊತ್ತು ಕೆಡದೆ ಇರುತ್ತದೆ? ಇನ್ಸುಲಿನ್ ಕೂಡ ಇದೆ.

ಉತ್ತರ: ಬಾಗಿಲು ತೆರೆಯದಿದ್ದರೆ ಕೆಳಗಿನ ಭಾಗ ಸುಮಾರು ನಾಲ್ಕು ಗಂಟೆ ತಂಪಾಗಿರುತ್ತದೆ. ತುಂಬಿದ ಡೀಪ್ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಖಾಲಿ ಜಾಗವಿದ್ದರೆ ನೀರಿನ ಬಾಟಲಿಗಳನ್ನು ಮೊದಲೇ ಇಟ್ಟು ಗಡ್ಡೆಕಟ್ಟಿಸಿ. ಕುತ್ತಿಗೆವರೆಗೆ ತುಂಬಬೇಡಿ. ನೀರು ಮಂಜುಗಡ್ಡೆಯಾಗುವಾಗ ಶೇ. 9ರಷ್ಟು ಹಿಗ್ಗಿ ಬಾಟಲಿ ಸೀಳುತ್ತದೆ. ಹಾಲು, ಮಾಂಸ, ಬೇಯಿಸಿದ ಅಡುಗೆ 5 ಡಿಗ್ರಿಗಿಂತ ಮೇಲೆ ಎರಡು ಗಂಟೆಗೂ ಹೆಚ್ಚು ಇದ್ದಿದ್ದರೆ ಚೆಲ್ಲಿಬಿಡಿ. ರುಚಿ ನೋಡಿ ತೀರ್ಮಾನಿಸಬೇಡಿ, ಕಾಯಿಲೆ ತರುವ ಎಷ್ಟೋ ಬ್ಯಾಕ್ಟೀರಿಯಾ ವಾಸನೆ ಕೊಡುವುದಿಲ್ಲ.

ಬಳಸಲು ಶುರುಮಾಡಿದ ಇನ್ಸುಲಿನ್ ಹೆಚ್ಚಿನ ಬಗೆಗಳಲ್ಲಿ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಇರುತ್ತದೆ. ನಿಮ್ಮದರ ಅವಧಿಯನ್ನು ಪೊಟ್ಟಣದೊಳಗಿನ ಚೀಟಿಯಲ್ಲಿ ಓದಿಕೊಳ್ಳಿ. ತಂಪಿಗೆಂದು ಮಂಜುಗಡ್ಡೆಗೆ ತಾಗಿಸಿಡಬಾರದು, ನಡುವೆ ಬಟ್ಟೆ ಇರಲಿ. ಒಮ್ಮೆ ಹೆಪ್ಪುಗಟ್ಟಿದರೆ ಅದು ಬಳಕೆಗೆ ಬರುವುದಿಲ್ಲ.

ಪ್ರಶ್ನೆ: ನೀರು ಎಷ್ಟು ತುಂಬಿಡಬೇಕು?

ಉತ್ತರ: ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್, ಶೌಚ, ತೊಳೆಯುವಿಕೆಗೆ ಬೇರೆ 15-20 ಲೀಟರ್. ಮೋಟಾರು ಓಡುವುದಿಲ್ಲವಾದ್ದರಿಂದ ಮೋಡ ಕವಿದಾಗಲೇ ಓವರ್‌ಹೆಡ್ ಟ್ಯಾಂಕ್ ತುಂಬಿಸಿ. ಆರ್‌ಒ ಫಿಲ್ಟರೂ ನಿಂತಿರುತ್ತದೆ. ಆಗ ನೀರನ್ನು ಕುದಿಸಿ, ಗುಳ್ಳೆ ಜೋರಾಗಿ ಎದ್ದಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ.

ಪ್ರಶ್ನೆ: ಸಣ್ಣ ಪೆಟ್ರೋಲ್ ಜನರೇಟರ್ ಇದೆ. ಮಳೆ ಬಂದರೆ ವರಾಂಡದಲ್ಲಿಟ್ಟು, ವೈರನ್ನು ಗೋಡೆಯ ಸಾಕೆಟ್ಟಿಗೆ ಕೊಡಬಹುದೆ?

ಉತ್ತರ: ಎರಡೂ ಜೀವಕ್ಕೆ ಅಪಾಯ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಕಿಟಕಿ-ಬಾಗಿಲಿನಿಂದ ಕನಿಷ್ಠ 6 ಮೀಟರ್ ದೂರ, ಬಯಲಲ್ಲಿ, ನಾಲ್ಕೂ ಕಡೆ ಗಾಳಿಯಾಡುವ ಸೂರಿನಡಿ ಇಡಿ. ಇನ್ನು ಸಾಕೆಟ್ಟಿಗೆ ಕೊಟ್ಟರೆ ಕರೆಂಟು ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರ್‌ನಲ್ಲಿ ಸಾವಿರಾರು ವೋಲ್ಟಿಗೆ ಏರಿ, ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್‌ಗೆ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ ಕೈಲಿ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಅದು ಮನೆಯನ್ನು ಒಂದು ಸಲಕ್ಕೆ ಲೈನಿಗೆ ಇಲ್ಲವೇ ಜನರೇಟರಿಗೆ ಮಾತ್ರ ಜೋಡಿಸುತ್ತದೆ. ಅಲ್ಲಿಯವರೆಗೆ ಬೇಕಾದ ಉಪಕರಣವನ್ನು ದಪ್ಪ ವೈರಿನ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ನೇರವಾಗಿ ಓಡಿಸಿ. ಪೆಟ್ರೋಲ್ ತುಂಬುವುದಿದ್ದರೆ ಇಂಜಿನ್ ನಿಲ್ಲಿಸಿ, ಆರಿದ ಮೇಲೆಯೇ.

ಪ್ರಶ್ನೆ: ಕರೆಂಟು ಬಂದ ತಕ್ಷಣ ಟಿವಿ ಸುಟ್ಟುಹೋಗುವುದೇಕೆ?

ಉತ್ತರ: ಹರಿದ ಲೈನು ಜೋಡಿಸಿದಾಗ ವೋಲ್ಟೇಜ್ ಏರಿಳಿಯುತ್ತದೆ. ನ್ಯೂಟ್ರಲ್ (ಕರೆಂಟು ವಾಪಸಾಗುವ ತಂತಿ) ಕಿತ್ತುಹೋಗಿದ್ದರೆ 230 ಇರಬೇಕಾದಲ್ಲಿ 400ರ ಹತ್ತಿರಕ್ಕೂ ಹೋಗಬಹುದು. ಕರೆಂಟು ಹೋದಾಗಲೇ ಟಿವಿ, ಫ್ರಿಜ್, ಕಂಪ್ಯೂಟರ್ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರಷ್ಟೇ ಸಾಲದು. ಯುಪಿಎಸ್ ಲೈನಿನಲ್ಲಿಲ್ಲದ ಒಂದು ಬಲ್ಬಿನ ಸ್ವಿಚ್ಚನ್ನು ಮಾತ್ರ ಹಾಕಿಟ್ಟಿರಿ. ಅದು ಮಿನುಗದೆ ಹತ್ತು ನಿಮಿಷ ಉರಿದರೆ ಒಂದೊಂದಾಗಿ ಜೋಡಿಸಿ, ಫ್ರಿಜ್ಜು ಕೊನೆಗೆ.