ಆರಂಭಿಕ ಹಂತದ ಯಕೃತ್ತಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ, ಅಬ್ಲೇಷನ್, ರೇಡಿಯೇಷನ್: ಇವುಗಳಲ್ಲಿ ಯಾವುದು ಉತ್ತಮ?

ನಿಮ್ಮ ತಂದೆಯವರಿಗೆ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಹಾಳಾಗುವ ರೋಗ) ಇದೆ, 3 ಸೆಂ.ಮೀ.ಗಿಂತ ಚಿಕ್ಕದಾದ ಒಂದೇ ಗಡ್ಡೆ ಇದೆ ಎಂದು ಬರೆದಿದ್ದೀರಿ. ಮೂರೂ ಚಿಕಿತ್ಸೆಗಳ ಶೇಕಡಾವಾರು ಅಂಕಿಗಳನ್ನು ನೋಡಿ, ಯಾವುದರ ಯಶಸ್ಸು ಹೆಚ್ಚು ಎಂದು ಕೇಳಿದ್ದೀರಿ. ನನ್ನ ಕಥೆಯೂ ಅಲ್ಲಿಂದಲೇ ಶುರುವಾಯಿತು. ಹೆಪಟೈಟಿಸ್ ಬಿ ನನ್ನ ಯಕೃತ್ತನ್ನು ವರ್ಷಗಟ್ಟಲೆ ಒಳಗೊಳಗೇ ಹಾಳುಮಾಡಿತ್ತು. ಗಡ್ಡೆ ಪತ್ತೆಯಾದಾಗ ನನಗೆ ನೋವಾಗಲಿ, ಕಾಮಾಲೆಯಾಗಲಿ ಇರಲಿಲ್ಲ.

ಕತ್ತರಿಸಿ ತೆಗೆದುಬಿಟ್ಟರೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಪ್ಲೇಟ್‌ಲೆಟ್ ಕಡಿಮೆಯಿತ್ತು, ಅನ್ನನಾಳದ ರಕ್ತನಾಳಗಳು ಉಬ್ಬಿದ್ದವು. ಇವೆರಡೂ ಯಕೃತ್ತಿಗೆ ರಕ್ತ ತರುವ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಏರಿದ್ದರ ಗುರುತು. ಅಲ್ಲಿ ಇಷ್ಟು ಒತ್ತಡವಿರುವಾಗ ಒಂದು ಭಾಗವನ್ನು ತೆಗೆದರೆ ಉಳಿದ ಭಾಗ ಕೆಲಸ ನಿಭಾಯಿಸಲಾರದು ಎಂದು ಸರ್ಜನ್ ಒಪ್ಪಲಿಲ್ಲ. ಸೂಜಿ ತೂರಿಸಿ ಗಡ್ಡೆಯನ್ನು ಸುಡುವ ಅಬ್ಲೇಷನ್ ಈ ಗಾತ್ರಕ್ಕೆ ಒಳ್ಳೆಯ ಚಿಕಿತ್ಸೆಯೇ ಹೌದು, ಆದರೆ ನನ್ನ ಗಡ್ಡೆ ದೊಡ್ಡ ರಕ್ತನಾಳಕ್ಕೆ ಒತ್ತಿಕೊಂಡಿತ್ತು. ಹರಿಯುವ ರಕ್ತವು ಶಾಖವನ್ನು ಸೆಳೆದೊಯ್ಯುವುದರಿಂದ ಅಂಥ ಕಡೆ ಅಂಚಿನ ಕೋಶಗಳು ಸಾಯದೆ ಉಳಿಯಬಹುದು. ಯಕೃತ್ತಿನ ಕಸಿಯ ವಿಷಯದಲ್ಲಿ ನಾನು 1996ರ ಮಿಲಾನ್ ಮಾನದಂಡದೊಳಗೇ ಇದ್ದೆ. ಒಂದೇ ಗಡ್ಡೆಯಾದರೆ 5 ಸೆಂ.ಮೀ., ಮೂರರವರೆಗೆ ಇದ್ದರೆ ತಲಾ 3 ಸೆಂ.ಮೀ. ಮೀರಿರಬಾರದು, ರಕ್ತನಾಳಕ್ಕೆ ಹಬ್ಬಿರಬಾರದು ಎಂಬುದು ಆ ಮಾನದಂಡ. ಆದರೆ ದಾನಿ ಸಿಕ್ಕಿರಲಿಲ್ಲ. ಹಾಗಾಗಿ ಎಸ್‌ಬಿಆರ್‌ಟಿ, ಅಂದರೆ ಸಾಮಾನ್ಯವಾಗಿ 3ರಿಂದ 5 ಸರದಿಗಳಲ್ಲಿ ಹೆಚ್ಚಿನ ಪ್ರಮಾಣದ ಕಿರಣವನ್ನು ಗಡ್ಡೆಯ ಮೇಲಷ್ಟೇ ಕೇಂದ್ರೀಕರಿಸುವ ವಿಧಾನ, ನನ್ನ ಪಾಲಿಗೆ ಬಂತು. ಉಸಿರಾಟದೊಂದಿಗೆ ಯಕೃತ್ತು ಮೇಲೆ ಕೆಳಗೆ ಸರಿಯುವುದರಿಂದ ಆ ಚಲನೆಯನ್ನು ಸ್ಕ್ಯಾನಿನಲ್ಲಿ ಅಳೆದು ಯೋಜನೆ ಮಾಡುತ್ತಾರೆ. ಚಿಕಿತ್ಸೆಯ ದಿನಗಳಲ್ಲಿ ಸುಸ್ತಿನ ಹೊರತು ನನಗೇನೂ ಆಗಲಿಲ್ಲ.

ನಾನು ಎಡವಿದ್ದು ಆಮೇಲೆ. ಮೂರು ತಿಂಗಳ ನಂತರದ ಸ್ಕ್ಯಾನ್ ವರದಿಯಲ್ಲಿ ಸ್ಕ್ಯಾನಿಗಾಗಿ ರಕ್ತನಾಳಕ್ಕೆ ಕೊಡುವ ಬಣ್ಣದ ದ್ರವವನ್ನು ಗಡ್ಡೆಯು ಇನ್ನೂ ಹೀರುತ್ತಿದೆ, ಜೀವಂತವಾಗಿರಬಹುದು ಎಂಬ ಒಂದು ವಾಕ್ಯವಿತ್ತು. ಅಬ್ಲೇಷನ್ ಮಾಡಿಸಿಕೊಂಡಿದ್ದ ಪರಿಚಿತರೊಬ್ಬರಿಗೆ ಸುಮಾರು ಒಂದು ತಿಂಗಳಲ್ಲೇ ಆ ಜಾಗ ಸ್ಕ್ಯಾನಿನಲ್ಲಿ ಕಪ್ಪಾಗಿ, ಸತ್ತಂತೆ ಕಂಡಿತ್ತು. ಅದನ್ನೇ ಅಳತೆಗೋಲಾಗಿಸಿಕೊಂಡು ರೇಡಿಯೇಷನ್ ಸೋತಿತು ಎಂದು ನಾನೇ ತೀರ್ಮಾನಿಸಿದೆ. ಶಾಖದಿಂದ ಕೋಶಗಳು ಆಗಿಂದಾಗಲೇ ಸಾಯುತ್ತವೆ, ಕಿರಣದಿಂದ ನಿಧಾನವಾಗಿ ಸಾಯುತ್ತವೆ. ಎಸ್‌ಬಿಆರ್‌ಟಿಯ ನಂತರ ಅಪಧಮನಿ ಹಂತದ ಚಿತ್ರದಲ್ಲಿ, ಅಂದರೆ ಆ ದ್ರವ ಅಪಧಮನಿಗಳಲ್ಲಿರುವಾಗ ತೆಗೆದ ಚಿತ್ರದಲ್ಲಿ, ಗಡ್ಡೆ ದ್ರವ ಹೀರಿದ ಹೊಳಪು ಹಲವು ತಿಂಗಳು ಉಳಿಯಬಹುದು, ಅದೊಂದರಿಂದಲೇ ಗಡ್ಡೆ ಬದುಕಿದೆ ಎನ್ನಲಾಗದು. ಅದೇ ವರದಿಯಲ್ಲಿ ಗಡ್ಡೆಯ ಗಾತ್ರ ಕುಗ್ಗಿದ್ದೂ ದಾಖಲಾಗಿತ್ತು, ಯಕೃತ್ತಿನ ಕ್ಯಾನ್ಸರಿನ ಸುಳಿವು ಕೊಡುವ ಎಎಫ್‌ಪಿ ಎಂಬ ಅಂಶ ರಕ್ತದಲ್ಲಿ ಇಳಿಯುತ್ತಿತ್ತು. ನಾನು ಓದಿದ್ದು ಭಯ ಹುಟ್ಟಿಸಿದ ಒಂದು ವಾಕ್ಯವನ್ನು ಮಾತ್ರ. ರೇಡಿಯೇಷನ್ ವೈದ್ಯರಿಗೆ ತೋರಿಸುವ ಬದಲು, ಅವರ ಕಡತವನ್ನೂ ಒಯ್ಯದೆ, ಬೇರೊಂದು ಆಸ್ಪತ್ರೆಗೆ ಹೋದೆ. ಅಲ್ಲಿ ಗಡ್ಡೆಗೆ ರಕ್ತ ಒಯ್ಯುವ ಅಪಧಮನಿಯೊಳಗೆ ಔಷಧ ಹರಿಸಿ ಅದನ್ನು ಮುಚ್ಚುವ ಟೇಸ್ ಚಿಕಿತ್ಸೆ ಮಾಡಿದರು. ಕೆಲವೇ ವಾರಗಳಲ್ಲಿ ಕಾಮಾಲೆ ತರುವ ಬಿಲಿರುಬಿನ್ ಏರಿತು, ಹೊಟ್ಟೆಯಲ್ಲಿ ನೀರು ತುಂಬಿತು, ಯಕೃತ್ತಿನ ಶಕ್ತಿಯನ್ನು ಎ, ಬಿ, ಸಿ ಎಂದು ಅಳೆಯುವ ಚೈಲ್ಡ್-ಪ್ಯೂ ದರ್ಜೆ ಎ ಇಂದ ಬಿಗೆ ಇಳಿಯಿತು. ಟೇಸ್ ಒಂದೇ ಕಾರಣವೆಂದು ಆಣೆ ಮಾಡಲಾರೆ, ಏಕೆಂದರೆ ಕಿರಣದಿಂದಾಗುವ ಯಕೃತ್ತಿನ ಹಾನಿಯೂ ಮೊದಲ ಮೂರು ನಾಲ್ಕು ತಿಂಗಳಲ್ಲೇ ತಲೆದೋರುವುದು ಹೆಚ್ಚು. ಅದನ್ನು ತಿಳಿದಿದ್ದವರ ಬಳಿ ಹೋಗಿದ್ದರೆ ಆ ಹೊತ್ತಿನಲ್ಲಿ ಇನ್ನೊಂದು ಪೆಟ್ಟು ಕೊಡುತ್ತಿರಲಿಲ್ಲ ಎಂಬುದಂತೂ ನಿಜ. ಮುಂದೆ ಇನ್ನೊಂದು ಕಡೆ ಸಣ್ಣ ಗಡ್ಡೆ ಕಂಡಾಗ ರೇಡಿಯೇಷನ್‌ಗೆ ಯಾರೂ ಒಪ್ಪಲಿಲ್ಲ. ಕಸಿಯಾಗುವವರೆಗೆ ಕಾಯುವುದೊಂದೇ ದಾರಿಯಾಗಿತ್ತು.

ಆದ್ದರಿಂದ, ಯಾವುದರ ಯಶಸ್ಸು ಹೆಚ್ಚು ಎಂಬ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ನೀವು ನೋಡಿರುವ ಶೇಕಡಾವಾರು ಅಂಕಿಗಳಲ್ಲಿ ರೇಡಿಯೇಷನ್ ಗುಂಪಿನವರು ಬಹುಪಾಲು ಶಸ್ತ್ರಚಿಕಿತ್ಸೆಗೂ ಅಬ್ಲೇಷನ್‌ಗೂ ಒಗ್ಗದೆ ಬಂದವರು. ಅವರು ಬದುಕಿದ ವರ್ಷಗಳನ್ನು ಯಕೃತ್ತು ಇನ್ನೂ ಚೆನ್ನಾಗಿ ಕೆಲಸ ಮಾಡುವವರ ವರ್ಷಗಳೊಡನೆ ಹೋಲಿಸುವುದು ನ್ಯಾಯವಲ್ಲ. 2021ರಲ್ಲಿ ಪ್ರಕಟವಾದ ಕೊರಿಯಾದ ಪ್ರಯೋಗವೊಂದು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಸಣ್ಣ ಗಡ್ಡೆಗಳನ್ನು ಹತೋಟಿಯಲ್ಲಿಡುವುದರಲ್ಲಿ ಪ್ರೋಟಾನ್ ಚಿಕಿತ್ಸೆಯು (ಇನ್ನೊಂದು ಬಗೆಯ ರೇಡಿಯೇಷನ್) ರೇಡಿಯೋಫ್ರೀಕ್ವೆನ್ಸಿ ಅಬ್ಲೇಷನ್‌ಗಿಂತ ಕಡಿಮೆಯಲ್ಲ ಎಂದು ತೋರಿಸಿತು. ಆದರೆ ಅವು ಮರುಕಳಿಸಿದ ಅಥವಾ ಉಳಿದುಕೊಂಡ ಗಡ್ಡೆಗಳು, ಯಂತ್ರವೂ ಬೇರೆ. ನಿಮ್ಮ ತಂದೆಯವರ ಪೋರ್ಟಲ್ ಒತ್ತಡ ಸಹಜವಾಗಿದ್ದು ಚೈಲ್ಡ್-ಪ್ಯೂ ಎ ದರ್ಜೆಯಲ್ಲಿದ್ದರೆ, ಕತ್ತಿಯ ಭಯಕ್ಕೆ ಮಾತ್ರ ರೇಡಿಯೇಷನ್ ಆರಿಸಿಕೊಳ್ಳಬೇಡಿ. ಗಡ್ಡೆ ನನ್ನದರಂಥ ಜಾಗದಲ್ಲಿದ್ದರೆ, ರೇಡಿಯೇಷನ್ ಕೈಲಾಗದವರ ಕೊನೆಯ ಉಪಾಯ ಎನ್ನುವವರ ಮಾತಿಗೂ ಕಿವಿಗೊಡಬೇಡಿ. ಉಳಿದಿರುವ ಆರೋಗ್ಯವಂತ ಯಕೃತ್ತು ಮುಟ್ಟಬಾರದ ಇಡುಗಂಟು. ಪ್ರತಿ ಚಿಕಿತ್ಸೆಯೂ ಅದರಿಂದ ಎಷ್ಟು ತೆಗೆಯುತ್ತದೆ ಎಂದು ಕೇಳಿ.

ಸರ್ಜನ್, ಅಬ್ಲೇಷನ್ ಮಾಡುವ ರೇಡಿಯಾಲಜಿಸ್ಟ್, ರೇಡಿಯೇಷನ್ ವೈದ್ಯರು, ಯಕೃತ್ತಿನ ತಜ್ಞರು ಒಟ್ಟಿಗೆ ಕುಳಿತು ಚರ್ಚಿಸುವ ಆಸ್ಪತ್ರೆಗೇ ಕರೆದೊಯ್ಯಿರಿ. ಹೆಪಟೈಟಿಸ್ ಬಿ ಇದ್ದರೆ ರೇಡಿಯೇಷನ್‌ಗೆ ಮೊದಲೇ ವೈರಸ್ ಔಷಧ ಶುರುವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ಚಿಕಿತ್ಸೆಯ ನಡುವೆ ಆ ವೈರಸ್ ಮತ್ತೆ ಕೆರಳಬಹುದು. ರೇಡಿಯೇಷನ್ ಆಯಿತೆಂದರೆ, ಆಮೇಲಿನ ಪ್ರತಿ ಸ್ಕ್ಯಾನನ್ನೂ ಅದನ್ನು ಕೊಟ್ಟ ವೈದ್ಯರು ನೋಡುವವರೆಗೆ ಬೇರೆ ಯಾವ ಚಿಕಿತ್ಸೆಗೂ ಸಹಿ ಹಾಕಬೇಡಿ.