ವಾಪಸ್ ಬರುವ ಕಡೆಯ ಬಸ್ಸು ಎಷ್ಟೊತ್ತಿಗೆ?

ಅಂತಿಮ ವರ್ಷದ ಪ್ರಾಜೆಕ್ಟಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಬಸ್ ವೆಬ್‌ಸೈಟನ್ನು ಜನಕ್ಕೆ ಸುಲಭವಾಗುವ ಹಾಗೆ ಹೊಸದಾಗಿ ರೂಪಿಸಬೇಕು, ಮುಖಪುಟದ ಬಣ್ಣ, ಚಿತ್ರ ಹೇಗಿದ್ದರೆ ಚೆಂದ ಎಂದು ಕೇಳಿದ್ದೀರಿ. ನಾನು ಶಿರಸಿಯವನು, ವೆಬ್‌ಸೈಟ್ ಮಾಡುವುದೇ ಕಸುಬು. ಕೆಲವು ವರ್ಷಗಳ ಹಿಂದೆ ಇದೇ ಕೆಲಸವನ್ನು ಸ್ವಂತ ಆಸಕ್ತಿಯಿಂದ ಕೈಗೆತ್ತಿಕೊಂಡು, ನಿಮ್ಮ ಹಾಗೆಯೇ ಮುಖಪುಟದಿಂದ ಶುರು ಮಾಡಿದ್ದೆ. ಈಗ ಯಾರು ಕೇಳಿದರೂ ಹೇಳುವುದು ಒಂದೇ: ಬಣ್ಣ ಆಮೇಲಿರಲಿ. ಮೊದಲು ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೂರುವ ಕಿಟಕಿಯ ಪಕ್ಕ ನಿಂತು, ಜನ ಏನು ಕೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ನಾನು ನಿಂತ ದಿನ ಕೇಳಿಸಿದ್ದು ಇಷ್ಟೇ. ಕುಮಟಾ ಬಸ್ ಹೋಯ್ತಾ? ಹುಲೇಕಲ್ ಕಡೆ ಯಾವುದು? ಇದು ರಾಗಿಹೊಸಳ್ಳಿಯಲ್ಲಿ ನಿಲ್ಲಿಸ್ತದಾ? ವಯಸ್ಸಾದ ಒಬ್ಬರು ಅಮ್ಮ, ಕೈಯಲ್ಲಿ ಆಸ್ಪತ್ರೆಯ ಚೀಟಿ ಹಿಡಿದಿದ್ದರು. ಕುಮಟಾ ಬಸ್ಸು ಎದುರಿಗೇ ನಿಂತಿದ್ದರೂ ಹತ್ತಲಿಲ್ಲ. “ವಾಪಸ್ ಬಪ್ಪಲೆ ಕಡೇ ಬಸ್ಸು ಎಷ್ಟೊತ್ತಿಗಿದ್ದು ತಮಾ?” ಎಂದು ಕೇಳಿ, ಉತ್ತರ ಸಿಕ್ಕ ಮೇಲೆಯೇ ಮೆಟ್ಟಿಲಿಗೆ ಕಾಲಿಟ್ಟರು. ಊರು ಸೇರುವುದು ಖಾತ್ರಿಯಾಗದೆ ನಮ್ಮ ಕಡೆ ಯಾರೂ ಮನೆ ಬಿಡುವುದಿಲ್ಲ. ನಾನು ಬರೆದಿಟ್ಟ ಮುಖಪುಟದಲ್ಲಿ ಜಲಪಾತದ ಚಿತ್ರವಿತ್ತು, ಆ ಪ್ರಶ್ನೆಗೆ ಉತ್ತರ ಯಾವ ಪುಟದಲ್ಲೂ ಇರಲಿಲ್ಲ.

ಆಗ ನಾನು ನೋಡುತ್ತಿದ್ದ ಒಂದು ಸಾರಿಗೆ ವೆಬ್‌ಸೈಟಿನಲ್ಲಿ ಟೆಂಡರ್, ಸುತ್ತೋಲೆ, ವಿಭಾಗಗಳ ವಿವರ ಮೇಲೆಯೇ ಸಿಗುತ್ತಿತ್ತು. ವೇಳಾಪಟ್ಟಿ ಮಾತ್ರ ಸ್ಕ್ಯಾನ್ ಮಾಡಿದ ಪಿಡಿಎಫ್. ಫೋನಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿದರೆ ಊರ ಹೆಸರು ಕಾಣುವಾಗ ಹೊತ್ತು ಕಾಣುವುದಿಲ್ಲ, ಹೊತ್ತು ಕಾಣುವಾಗ ಊರು ಕಾಣುವುದಿಲ್ಲ. ಕಚೇರಿಯ ಒಳಗಿನ ವ್ಯವಸ್ಥೆಯನ್ನೇ ಮೆನುವಾಗಿ ಇಟ್ಟರೆ ಹೀಗಾಗುತ್ತದೆ.

ಹಾಗಾಗಿ ನಿಮ್ಮ ಶ್ರಮದ ಮುಕ್ಕಾಲು ಪಾಲು ಮಾಹಿತಿಗೇ ಹೋಗಲಿ. ವೇಳಾಪಟ್ಟಿಯನ್ನು ಕಂಪ್ಯೂಟರಿಗೆ ಅರ್ಥವಾಗುವ ಹಾಗೆ ಬರೆದಿಡಲು ಒಂದು ಸಿದ್ಧ ಮಾದರಿ ಇದೆ, ಜಿಟಿಎಫ್‌ಎಸ್. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಟ್ರೈಮೆಟ್ ಸಾರಿಗೆ ಸಂಸ್ಥೆ ಮತ್ತು ಗೂಗಲ್ 2005ರಲ್ಲಿ ಒಟ್ಟಿಗೆ ಶುರು ಮಾಡಿದ್ದು. ನಿಲ್ದಾಣಗಳು, ಮಾರ್ಗಗಳು, ಟ್ರಿಪ್‌ಗಳು, ಯಾವ ನಿಲ್ದಾಣಕ್ಕೆ ಎಷ್ಟು ಹೊತ್ತಿಗೆ ಎಂಬುದನ್ನೆಲ್ಲ ಬೇರೆ ಬೇರೆ ಪಠ್ಯ ಕಡತಗಳಲ್ಲಿ ಬರೆದು ಒಂದು ಜಿಪ್ ಮಾಡಿದರೆ ಮುಗಿಯಿತು. ಎಕ್ಸೆಲ್ ಬಂದರೆ ಸಾಕು.

ಕಷ್ಟ ಬರುವುದು ನಡುವಿನ ಹಳ್ಳಿಗಳಲ್ಲಿ. ಬಸ್ಸು ಶಿರಸಿ ಬಿಡುವ ಹೊತ್ತು ಪಟ್ಟಿಯಲ್ಲಿ ಇರುತ್ತದೆ, ಅಮ್ಮಿನಳ್ಳಿಗೆ ಬರುವ ಹೊತ್ತು ಅಲ್ಲಿಯವರಿಗೆ ಮಾತ್ರ ಗೊತ್ತು. ಜಿಟಿಎಫ್‌ಎಸ್‌ನಲ್ಲಿ ‘ಟೈಮ್‌ಪಾಯಿಂಟ್’ ಎಂಬ ಕಾಲಂ ಇದೆ: 1 ಎಂದರೆ ನಿಖರ, 0 ಎಂದರೆ ಅಂದಾಜು. ಅಂದಾಜಿನ ಹೊತ್ತಿಗಿಂತ ಮೊದಲು ‘ಸುಮಾರು’ ಎಂದು ದಪ್ಪಗೆ ಬರೆಯಿರಿ. ನಿಮ್ಮ ಪುಟ ನಂಬಿ ಒಮ್ಮೆ ಬಸ್ ತಪ್ಪಿಸಿಕೊಂಡವರು ಮತ್ತೆ ಅದನ್ನು ತೆರೆಯುವುದಿಲ್ಲ. ಸಂಜೆ ಹಳ್ಳಿಗೆ ಹೋಗಿ ಅಲ್ಲೇ ಉಳಿದು ಬೆಳಿಗ್ಗೆ ಹೊರಡುವ ಬಸ್ಸಿಗೆ ಜನ ‘ವಸ್ತಿ ಬಸ್’ ಎನ್ನುತ್ತಾರೆ. ಪುಟದಲ್ಲೂ ಅದೇ ಹೆಸರಿರಲಿ.

ಊರ ಹೆಸರಿನಲ್ಲೂ ಎಚ್ಚರ ಬೇಕು. 2024ರ ಜುಲೈ 16ರಂದು ಗುಡ್ಡ ಕುಸಿದ ಶಿರೂರು ಅಂಕೋಲಾ ತಾಲೂಕಿನದು. ಭಟ್ಕಳ ದಾಟಿದರೆ ಉಡುಪಿ ಜಿಲ್ಲೆಯಲ್ಲಿ ಇನ್ನೊಂದು ಶಿರೂರು. ಎರಡೂ ಹೆದ್ದಾರಿ 66ರ ಮೇಲೆಯೇ ಇವೆ. ಪ್ರತಿ ಊರಿನ ಕೆಳಗೆ ತಾಲೂಕು ಕಾಣಲೇಬೇಕು. ಶಿರಸಿ, ಸಿರ್ಸಿ, ಇಂಗ್ಲಿಷ್ ಅಕ್ಷರ, ಹೇಗೆ ಬರೆದು ಹುಡುಕಿದರೂ ನಮ್ಮೂರು ಸಿಗಬೇಕು.

ಮಳೆಗಾಲವನ್ನು ಮರೆತು ವಿನ್ಯಾಸ ಮಾಡಿದರೆ ಅದು ನಮ್ಮ ಜಿಲ್ಲೆಯ ವೆಬ್‌ಸೈಟ್ ಅಲ್ಲ. ಶಿರಸಿ–ಕುಮಟಾ ದಾರಿಯ ದೇವಿಮನೆ ಘಟ್ಟ ಬಂದ್ ಆದರೆ ಕರಾವಳಿಗೆ ಇಳಿಯಲು ಯಲ್ಲಾಪುರ, ಅರಬೈಲ್ ಮೇಲೆ ಅಂಕೋಲಾ, ಇಲ್ಲವೇ ಮಾವಿನಗುಂಡಿ ಮೇಲೆ ಹೊನ್ನಾವರ ಎಂದು ಸುತ್ತಬೇಕು. ಈ ಸುದ್ದಿ ಪುಟದ ನೆತ್ತಿಯಲ್ಲಿ ಓಡುವ ಸಾಲಾಗಿ ಇದ್ದರೆ ಯಾರೂ ಓದುವುದಿಲ್ಲ. ಆಯಾ ಬಸ್ಸಿನ ಹೊತ್ತಿನ ಕೆಳಗೇ, ಯಾವ ದಿನ ಎಷ್ಟು ಗಂಟೆಗೆ ಬರೆದದ್ದು ಎಂಬುದರ ಸಮೇತ ಇರಬೇಕು. ಘಟ್ಟದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಒಮ್ಮೆ ತೆರೆದ ವೇಳಾಪಟ್ಟಿ ಫೋನಿನಲ್ಲೇ ಉಳಿಯುವ ಹಾಗೆ ಮಾಡಿ. ಬಿಸಿಲಲ್ಲಿ ನಿಂತು ಓದುವವರಿಗೆ ತಿಳಿ ಬೂದು ಅಕ್ಷರ ಕಾಣುವುದಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಲಿ ಎಂದು, ವೆಬ್ ಪುಟ ಎಲ್ಲರಿಗೂ ಬಳಸಲು ಬರುವಂತಿರಬೇಕು ಎನ್ನುವ ಡಬ್ಲ್ಯುಸಿಎಜಿ ನಿಯಮವೇ ಹೇಳುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆಯಲ್ಲ, ಯಾವ ಬಸ್ಸಿಗೆ ಅದು ನಡೆಯುತ್ತದೆ, ಯಾವುದಕ್ಕಿಲ್ಲ ಎಂಬುದೂ ಪಕ್ಕದಲ್ಲೇ ಬರಲಿ. ಕಾರವಾರದಿಂದ ಗೋವಾ ಕಡೆ ಹೋಗುವ ಕದಂಬ ಬಸ್ಸುಗಳನ್ನು ಬಿಡಬೇಡಿ. ಕಾರವಾರದವರಿಗೆ ಮಡಗಾಂವ್ ದಿನನಿತ್ಯ ಓಡಾಡುವ ದಾರಿ.

ಇನ್ನು ಪರೀಕ್ಷೆ. ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಪರದೆ ಬರೆದು ಜನರ ಕೈಗೆ ಕೊಡಿ. “ನಾಳೆ 11 ಗಂಟೆಗೆ ಕಾರವಾರದ ಡಿಸಿ ಕಚೇರಿಯಲ್ಲಿರಬೇಕು, ಯಾವ ಬಸ್ಸಿಗೆ ಹೋಗ್ತೀರಿ?” ಎಂದು ಕೇಳಿ ಸುಮ್ಮನಿರಿ. ಬೆರಳು ಎಲ್ಲಿ ಹೋಗುತ್ತದೆ, ಎಲ್ಲಿ ತಡೆಯುತ್ತದೆ ಎಂದಷ್ಟೇ ನೋಡಿ, ಬಾಯಿ ಹಾಕಬೇಡಿ. ನಾನು ಎರಡು ಚೌಕ ಬರೆದು ‘ಇಂದ’, ‘ಗೆ’ ಎಂದು ಹೆಸರಿಟ್ಟಿದ್ದೆ. ಅಡಿಕೆ ಮಾರಲು ಬಂದಿದ್ದ ಒಬ್ಬರು ‘ಇಂದ’ದ ಮೇಲೆ ಬೆರಳಿಟ್ಟು, “ಇದು ಇವತ್ತಿನ ಬಸ್ಸಾ?” ಎಂದರು. ಅವರು ಅದನ್ನು ‘ಇಂದು’ ಎಂದು ಓದಿಕೊಂಡಿದ್ದರು. ತಪ್ಪು ಅವರದ್ದಲ್ಲ. ಕನ್ನಡದಲ್ಲಿ ‘ಇಂದ’ ಒಂಟಿಯಾಗಿ ನಿಲ್ಲುವ ಮಾತೇ ಅಲ್ಲ, ಊರ ಹೆಸರಿಗೆ ಅಂಟಿಕೊಂಡೇ ಬರಬೇಕು. ಅಲ್ಲೇ ಪೆನ್ನು ತೆಗೆದು ‘ಎಲ್ಲಿ ಹತ್ತುತ್ತೀರಿ?’, ‘ಎಲ್ಲಿ ಇಳಿಯಬೇಕು?’ ಎಂದು ತಿದ್ದಿದೆ. ಆಮೇಲೆ ನೋಡಿದವರಲ್ಲಿ ಒಬ್ಬರೂ ತಡವರಿಸಲಿಲ್ಲ.

ಇಡೀ ಜಿಲ್ಲೆಯನ್ನು ಒಟ್ಟಿಗೆ ಎತ್ತಿಕೊಳ್ಳಬೇಡಿ. ಶಿರಸಿ–ಕುಮಟಾ ಒಂದೇ ಮಾರ್ಗ ಹಿಡಿದು, ಎರಡೂ ಕಡೆಯ ಬಸ್‌ಸ್ಟ್ಯಾಂಡಿನ ಬೋರ್ಡಿನ ಫೋಟೊ ತೆಗೆದು, ಟೈಪ್ ಮಾಡಿ, ಕಂಟ್ರೋಲರ್‌ಗೆ ತೋರಿಸಿ ತಿದ್ದಿಸಿಕೊಳ್ಳಿ. ಆಮೇಲೆ ಒಮ್ಮೆ ಕಂಡಕ್ಟರ್ ಸೀಟಿನ ಹತ್ತಿರ ಕೂತು ಕುಮಟಾದವರೆಗೆ ಹೋಗಿ, ಪ್ರತಿ ನಿಲ್ದಾಣಕ್ಕೆ ಬಂದ ಹೊತ್ತು ಬರೆದುಕೊಳ್ಳಿ. ವಾಪಸ್ ಬರುವಾಗಲೂ ಬರೆಯಿರಿ, ಘಟ್ಟ ಹತ್ತುವ ಹೊತ್ತು ಬೇರೆಯೇ ಇರುತ್ತದೆ.